ಕದಲದೆ ಕೂತ ಬುಧವಾರಗಳು

ಮೊನ್ನೆ ಶನಿವಾರ ಅಡುಗೆಮನೆಯ ನಲ್ಲಿಗೆ ಒಂದು ವಾಷರ್ ತರೋಣವೆಂದು ಹ್ಯಾರೋದ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಜೊತೆಗೆ ಹತ್ತು ವರ್ಷದ ಮಗನೂ ಇದ್ದ. ಬಣ್ಣದ ಡಬ್ಬಿಗಳ ಸಾಲಿನಲ್ಲಿ ಯಾರೋ ಟರ್ಪೆಂಟೈನ್ ಬಾಟಲಿಯೊಂದನ್ನು ಕೆಡವಿದ್ದರು. ಅಂಗಡಿಯ ಹುಡುಗಿ ಮಾಪ್ ಹಿಡಿದು ಒರೆಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಬಲಗೈ ಹೋಗಿ ಎಡಗೈಯ ಮೇಲೆ ಕೂತಿತು, ಗಲ್ಲ ಒಂದಿಷ್ಟು ಎಡಕ್ಕೆ ತಿರುಗಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಮಗ ತೋಳು ಹಿಡಿದು ಎಳೆದ. "ಮಮ್, ವೈ ಆರ್ ಯು ಸ್ಟ್ಯಾಂಡಿಂಗ್ ಲೈಕ್ ದಟ್? ಪೀಪಲ್ ಆರ್ ಲುಕಿಂಗ್."

ಜನ ನೋಡುತ್ತಿದ್ದಾರೆ ಎನ್ನುವುದು ಅವನಿಗೆ ನಾಚಿಕೆಯ ಸಂಗತಿ. ನಾನಾದರೋ ಒಂದು ಕಾಲದಲ್ಲಿ ಜನ ನೋಡಲಿ ಎಂದೇ ವಾರಕ್ಕೆ ಎರಡು ಗಂಟೆ ಕೂತವಳು. ಇದನ್ನು ಅವನಿಗೆ ಅಂಗಡಿಯಲ್ಲಿ ನಿಂತು ವಿವರಿಸುವುದು ಕಷ್ಟ. ನಿಮಗಾದರೆ ಹೇಳಬಹುದು, ನಿಮಗೆ ಪುರುಸೊತ್ತಿದೆ ಎಂದು ಭಾವಿಸಿಕೊಳ್ಳುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಕುಂದಾಪುರದಿಂದ ಲಂಡನ್ನಿಗೆ ಬಂದು ಎರಡು ವರ್ಷವಾಗಿತ್ತು. ನನ್ನವರು ಪಾರ್ಕ್ ರಾಯಲ್‌ನಲ್ಲಿ ಸಮೋಸ ತಯಾರಿಸುವ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ನನಗೆ ಬಿ.ಎ. ಡಿಗ್ರಿ ಮತ್ತು ಟೈಪಿಂಗ್ ಎರಡೂ ಇದ್ದವು, ಕೆಲಸ ಮಾತ್ರ ಇರಲಿಲ್ಲ. ಒಂದು ದಿನ ಲೋಕಲ್ ಪತ್ರಿಕೆಯಲ್ಲಿ ಜಾಹೀರಾತು ಕಂಡು ಅರ್ಜಿ ಹಾಕಿದೆ. ಸ್ಟ್ಯಾನ್ಮೋರ್ ಕಡೆಯ ಏರಿನ ಮೇಲಿದ್ದ ಒಂದು ಪುಟ್ಟ ಲೂಥರನ್ ವಿಶ್ವವಿದ್ಯಾಲಯದ ಆಫೀಸಿಗೆ ಗುಮಾಸ್ತೆ ಬೇಕಾಗಿದ್ದಳು.

ವಿಶ್ವವಿದ್ಯಾಲಯ ಎಂದರೆ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ನಾನು ಓದಿದ ಹೈಸ್ಕೂಲು ಅದಕ್ಕಿಂತ ದೊಡ್ಡದಿತ್ತು. ಎರಡು ಇಟ್ಟಿಗೆ ಕಟ್ಟಡ, ನಡುವೆ ಹುಲ್ಲು, ತುದಿಯಲ್ಲೊಂದು ಪ್ರಾರ್ಥನಾ ಮಂದಿರ. ಮಂದಿರದೊಳಗೆ ಒಂದು ಮರದ ಮೇಜು, ಒಂದು ಶಿಲುಬೆ, ಒಂದಷ್ಟು ಕುರ್ಚಿಗಳು, ಅಷ್ಟೇ. ನಾರ್ವೆ, ಜರ್ಮನಿ, ತಾಂಜಾನಿಯಾಗಳಿಂದ ಪಾದ್ರಿಗಳಾಗಲು ಬಂದವರು, ಜೊತೆಗೆ ಸಂಗೀತ ಮತ್ತು ಚಿತ್ರಕಲೆ ಕಲಿಯುವ ಈ ಊರಿನ ಕೆಲವರು, ಎಲ್ಲ ಸೇರಿದರೂ ಒಂದೇ ಊಟದ ಹಾಲಿನಲ್ಲಿ ಹಿಡಿಸುತ್ತಿದ್ದರು.

ನನಗೆ ಲೂಥರನ್ ಎಂದರೆ ಏನೆಂದು ಗೊತ್ತಿರಲಿಲ್ಲ. ನಮ್ಮೂರಲ್ಲಿ ಕ್ರಿಶ್ಚಿಯನ್ನರೆಂದರೆ ಕ್ರಿಶ್ಚಿಯನ್ನರು, ಅವರಲ್ಲೂ ಪಂಗಡಗಳಿವೆಯೆಂದು ಯಾರಿಗೆ ಗೊತ್ತು. ಇದು ಯಾರೋ ಮಾಲೀಕರ ಮನೆತನದ ಹೆಸರಿರಬೇಕೆಂದು ಊಹಿಸಿಕೊಂಡಿದ್ದೆ. ಇಂಟರ್ವ್ಯೂ ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರು, "ನಿಮಗೇನಾದರೂ ಕೇಳುವುದಿದೆಯೇ?" ಎಂದರು. ಏನಾದರೂ ಕೇಳಿದರೆ ಒಳ್ಳೆಯದೆಂದು ನನ್ನವರು ಹೇಳಿಕಳಿಸಿದ್ದರು. ನಾನು ಗಂಭೀರವಾಗಿ, "ಮಾಲೀಕರು ಇಲ್ಲಿಗೆ ಯಾವ ದಿನ ಬರುತ್ತಾರೆ?" ಎಂದೆ. ಮೇಜಿನ ಆಚೆ ಕೂತಿದ್ದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಿನ್ಸಿಪಾಲರು ಕನ್ನಡಕ ತೆಗೆದು, "ಅದನ್ನೇ ನಾವೂ ಎರಡು ಸಾವಿರ ವರ್ಷದಿಂದ ಕೇಳುತ್ತಿದ್ದೇವೆ," ಎಂದರು. ಕೆಲಸ ಸಿಕ್ಕಿತು. ಅವರು ಕಾಯುತ್ತಿದ್ದ ಮಾಲೀಕ ಯೇಸು ಎಂದೂ, ಆ ಪ್ರಶ್ನೆಯಿಂದಲೇ ಕೆಲಸ ಸಿಕ್ಕಿತೆಂದೂ ಆಮೇಲೆ ತಿಳಿಯಿತು.

ಅಲ್ಲಿನ ಒಂದು ಪದ್ಧತಿಯನ್ನು ಹೇಳಲೇಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಬರಬೇಕು. ಪ್ರಿನ್ಸಿಪಾಲರು, ಪಾಠ ಹೇಳುವವರು, ತೋಟದವನು, ನೆಲ ಒರೆಸುವ ಹೆಂಗಸು, ನಾನು, ಎಲ್ಲರಿಗೂ ಅದೇ ಉದ್ದನೆಯ ಬೆಂಚು. ಕಪ್ಪು ತೊಳೆಯಲು ಸರದಿ. ಹೀಬ್ರೂ ಭಾಷೆಯ ಪ್ರೊಫೆಸರ್ ಒಬ್ಬರಿದ್ದರು. ಅವರ ಸರದಿ ಬಂದ ದಿನ ಕಪ್ಪುಗಳು ಹೊಳೆಯುತ್ತಿದ್ದವು, ಆದರೆ ಹನ್ನೆರಡಾದರೂ ತೊಳೆದು ಮುಗಿಯುತ್ತಿರಲಿಲ್ಲ. ಮೊದಲ ವಾರ ಅವರು ನನ್ನ ಕಪ್ಪನ್ನು ತೊಳೆಯಲು ಒಯ್ದಾಗ ನಾನು ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿದ್ದೆ. ಮೇಷ್ಟ್ರು ಎಂಜಲು ಕಪ್ಪು ತೊಳೆಯುವುದೆಂದರೇನು! ಇಬ್ಬರೂ ಅತ್ತಿತ್ತ ಎಳೆದಾಡಿ ಕಪ್ಪಿನ ಹಿಡಿ ಕಿತ್ತುಬಂತು. ಅಂದಿನಿಂದ ನಾನು ಕಪ್ಪು ಬಿಟ್ಟುಕೊಡುವುದನ್ನು ಕಲಿತೆ.

ಚಿತ್ರಕಲೆಯನ್ನು ಹೇಳಿಕೊಡುತ್ತಿದ್ದವರು ಮಾರಿಟ್, ನಾರ್ವೆಯವರು. ಅರವತ್ತು ದಾಟಿದ್ದರು. ನೀಲಗಿರಿ ಮರದಂಥ ಎತ್ತರ, ಬಣ್ಣ ಮೆತ್ತಿದ ಉಣ್ಣೆಯ ಕಾರ್ಡಿಗನ್, ಒಂದು ಹಳೇ ಸೈಕಲ್ಲು. ಮಾತು ಕಡಿಮೆ, ಆಡಿದ್ದೂ ಅರ್ಧಕ್ಕೆ ನಿಲ್ಲುತ್ತಿತ್ತು. ನನ್ನವರ ನಾಲಗೆಗೆ ಆ ಹೆಸರು ಒಗ್ಗಲಿಲ್ಲ. ಸಂಜೆ ಮನೆಗೆ ಬಂದರೆ, "ನಿಮ್ಮ ಮಾರಿಯಮ್ಮ ಹೇಂಗಿದ್ರ್ ಇವತ್ತ್?" ಎಂದೇ ಕೇಳುತ್ತಿದ್ದರು.

ಒಂದು ಬುಧವಾರ ಮಧ್ಯಾಹ್ನ ಮಾರಿಟ್ ಆಫೀಸಿನ ಬಾಗಿಲಲ್ಲಿ ಬಂದು ನಿಂತರು. ಚಿತ್ರ ಬರೆಯುವ ತರಗತಿಗೆ ಮಾಡೆಲ್ ಆಗಿ ಕೂರಬೇಕಾಗಿದ್ದ ಹೆಂಗಸು ಬಂದಿಲ್ಲ, ಟ್ಯೂಬ್ ರೈಲಿನಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದಾಳೆ. ಅವರು ನನ್ನನ್ನೇ ನೋಡುತ್ತಿದ್ದರು. ಆ ದಿನ ನಾನು ಸೀರೆ ಉಟ್ಟಿದ್ದೆ. ಸಂಭ್ರಮವೇನಿರಲಿಲ್ಲ, ಒಗೆದು, ಮನೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಹಾಕಿದ್ದ ಪ್ಯಾಂಟು ಒಣಗಿರಲಿಲ್ಲ.

"ನಿನಗೆ ಕದಲದೆ ಕೂರಲು ಬರುತ್ತದೆಯೇ?" ಎಂದರು. ಇಂಗ್ಲಿಷಿನಲ್ಲೇ ಕೇಳಿದ್ದು, ಆದರೆ ಅಲ್ಲಿನವರ ಮಾತೆಲ್ಲ ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದಿದೆ, ಹಾಗೇ ಹೇಳುತ್ತೇನೆ.

ಚಿತ್ರಗಾರರ ಮುಂದೆ ಕೂರುವವರ ಬಗ್ಗೆ ನಾನು ಕೇಳಿದ್ದು ಒಂದೇ ಸಂಗತಿ. ನನ್ನ ಕಿವಿ ಬಿಸಿಯಾಯಿತು. "ನಾನು... ನಮ್ಮಲ್ಲಿ... ಸೀರೆ..." ಎಂದು ಸೆರಗು ಹಿಡಿದುಕೊಂಡೆ. ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ, "ಮೇಲೊಂದು ಶಾಲೂ ಹೊದ್ದುಕೊಂಡು ಬಾ. ಅಲ್ಲಿ ಹೀಟರ್ ಕೆಟ್ಟಿದೆ," ಎಂದು ಹೊರಟೇಬಿಟ್ಟರು.

ಕದಲದೆ ಕೂರುವುದು ಸುಲಭ ಎಂದು ನೀವು ಅಂದುಕೊಂಡಿದ್ದರೆ ಇವತ್ತೇ ಗಡಿಯಾರ ಇಟ್ಟುಕೊಂಡು ಕೂತು ನೋಡಿ. ಮೊದಲು ಮೂಗು ತುರಿಸುತ್ತದೆ. ಮೂಗನ್ನು ಮರೆತರೆ ಪಾದ ಜೋಮು ಹಿಡಿಯುತ್ತದೆ. ಒಲೆ ಆರಿಸಿದ್ದೇನೋ ಇಲ್ಲವೋ ಎಂಬ ಸಂಶಯ ಬರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು. ಮತ್ತೆ ಅದೇ ಭಂಗಿಗೆ ಬರಲೆಂದು ನನ್ನ ಚಪ್ಪಲಿಯ ಸುತ್ತ ಮಾರಿಟ್ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. "ಗಲ್ಲ ಎಡಕ್ಕೆ," ಎನ್ನುತ್ತಿದ್ದರು. ಅದಷ್ಟೇ ಮಾತು.

ನನಗೆ ಆ ಕಲೆ ಸಿದ್ಧಿಸಿದ್ದಕ್ಕೆ ಒಂದು ಕಾರಣವಿತ್ತು. ನನ್ನ ಅಪ್ಪಯ್ಯ ಕುಂದಾಪುರದಲ್ಲಿ ಒಬ್ಬ ಡಾಕ್ಟರ ಬಳಿ ಕಾಂಪೌಂಡರ್ ಆಗಿದ್ದರು. ಚಿಕ್ಕಂದಿನಲ್ಲಿ ಬಿದ್ದು ಮಂಡಿ ಕೆತ್ತಿಕೊಂಡು ಹೋದರೆ ಮರದ ಸ್ಟೂಲಿನ ಮೇಲೆ ಕೂರಿಸಿ ಟಿಂಚರ್ ಹಚ್ಚುತ್ತಿದ್ದರು. "ಕದಲ್ಬೇಡ ಮಗಾ. ಆಯ್ತ್, ಆಯ್ತ್, ಮುಗೀತ್," ಎನ್ನುತ್ತಿದ್ದರು, ಮುಗಿದಿರುತ್ತಿರಲಿಲ್ಲ. ನಾನು ಕಿರುಚದೆ, ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿರುತ್ತಿದ್ದೆ. ಆಮೇಲೆ ಅಮ್ಮ ಮಂಡಿಯನ್ನು ಬಿಟ್ಟು ನನ್ನ ಕೈಯನ್ನು ನೀವುತ್ತಿದ್ದಳು, ಅಲ್ಲಿ ಬೆರಳಿನ ಗುರುತು ಮೂಡಿರುತ್ತಿತ್ತು.

ತರಗತಿಯಲ್ಲಿ ಹನ್ನೊಂದು ಮಂದಿ. ಪಾದ್ರಿಯಾಗುವವರೂ ಒಂದು ಕಲೆಯನ್ನು ಕಲಿಯಲೇಬೇಕೆಂಬ ನಿಯಮ ಅಲ್ಲಿತ್ತು. ಹಾಗೆ ಒತ್ತಾಯಕ್ಕೆ ಬಂದವರಲ್ಲಿ ಎಲಿಯಾ ಒಬ್ಬರು, ತಾಂಜಾನಿಯಾದವರು, ನಲವತ್ತು ದಾಟಿದವರು. ಊರಿನಲ್ಲಿ ಆಗಲೇ ಐದಾರು ಹಳ್ಳಿಗಳ ಪಾದ್ರಿಯಾಗಿದ್ದು, ಮೇಲಿನ ಓದಿಗೆ ಬಂದಿದ್ದರು. ಅವರಿಗೆ ಚಿತ್ರ ಬರುತ್ತಿರಲಿಲ್ಲ. ಮೊದಲ ದಿನ ಬಿಡುವಿನಲ್ಲಿ ನಾನು ಹನ್ನೊಂದು ಹಲಗೆಗಳನ್ನೂ ಸುತ್ತಿ ನೋಡಿದೆ. ಒಂದರಲ್ಲಿ ನಾನು ನನ್ನ ಅತ್ತೆಯಂತಿದ್ದೆ. ಎಲಿಯಾರ ಹಲಗೆಯಲ್ಲಿ ಸೀರೆ ಉಟ್ಟ ಒಂದು ಬಟಾಟೆ ಕೂತಿತ್ತು. "ಕ್ಷಮಿಸಿ ಸಿಸ್ಟರ್," ಎಂದರು ಅವರು, "ದೇವರು ನಿಮ್ಮನ್ನು ಮಾಡಿದ್ದು ಇದಕ್ಕಿಂತ ಚೆನ್ನಾಗಿದೆ."

ಟ್ಯೂಬಿನಲ್ಲಿ ಸಿಕ್ಕಿಕೊಂಡ ಹೆಂಗಸು ಮುಂದಿನ ವಾರವೂ ಬರಲಿಲ್ಲ. ಬುಧವಾರದ ಮಧ್ಯಾಹ್ನಗಳು ನನ್ನವಾದವು. ಮನೆಯಲ್ಲಿ ಹೇಳಿದಾಗ ನನ್ನವರು ಅನ್ನದ ತಟ್ಟೆಯಿಂದ ತಲೆ ಎತ್ತಿದರು.

"ಸುಮ್ನೆ ಕೂಕಣುದೇ ಕೆಲ್ಸವಾ?"

"ಹೌದ್."

"ಮನೆಯಗೆ ಒಂದ್ ನಿಮಿಷ ಕೂತವಳಲ್ಲ ನೀನ್! ಆ ಮಾರಿಯಮ್ಮ ಎಂತ ಮಂತ್ರ ಹಾಕಿದ್ರ್ ಮಾರಾಯ್ತಿ?"

ಮಂತ್ರವೇನೂ ಇರಲಿಲ್ಲ. ಆದರೆ ಆ ಕುರ್ಚಿಯಲ್ಲಿ ಏನೋ ಇತ್ತು. ಲಂಡನ್ನಿನಲ್ಲಿ ಎರಡು ವರ್ಷ ನನ್ನನ್ನು ಯಾರೂ ನೋಡಿರಲಿಲ್ಲ. ಬಸ್ಸಿನಲ್ಲಿ, ರಸ್ತೆಯಲ್ಲಿ, ಜಿ.ಪಿ. ಡಾಕ್ಟರ ಹತ್ತಿರ, ಎಲ್ಲೆಡೆ ಕಣ್ಣುಗಳು ನನ್ನನ್ನು ದಾಟಿಹೋಗುತ್ತಿದ್ದವು. ಇಲ್ಲಿ ಹನ್ನೊಂದು ಜನ ನನ್ನ ಕಿವಿಯ ಓಲೆ ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಶುರುವಾಗುತ್ತದೆ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದರು. ಕೆಳಗಿನ ಕೋಣೆಯಲ್ಲಿ ಗಾಯನ ತಂಡ ಅಭ್ಯಾಸ ಮಾಡುತ್ತಿರುತ್ತಿತ್ತು. ಒಂದೇ ಸಾಲನ್ನು ಹತ್ತು ಸಲ ಹಾಡಿ, ಹತ್ತೂ ಸಲ ಒಂದೇ ಜಾಗದಲ್ಲಿ ತಪ್ಪುತ್ತಿದ್ದರು. ಟರ್ಪೆಂಟೈನ್ ವಾಸನೆ, ಇದ್ದಿಲು ಕಾಗದದ ಮೇಲೆ ಉಜ್ಜುವ ಸದ್ದು. ನಾನು ಸುಮ್ಮನೆ ಇದ್ದೆ.

ಏಳನೆಯ ವಾರವೋ ಎಂಟನೆಯದೋ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಫೋನು ಬಂತು. ಅಣ್ಣ. "ಅಪ್ಪಯ್ಯ ಹೋದ್ರ್," ಎಂದ. ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಟವರು ಮೆಟ್ಟಿಲ ಮೇಲೆ ಕೂತರಂತೆ, ಅಷ್ಟೇ.

ಆಗ ನಮ್ಮಿಬ್ಬರ ಪಾಸ್‌ಪೋರ್ಟೂ ಸರ್ಕಾರದ ಕಚೇರಿಯಲ್ಲಿದ್ದವು. ಇಲ್ಲೇ ಖಾಯಂ ಉಳಿಯಲು ಅರ್ಜಿ ಹಾಕಿ ತಿಂಗಳುಗಳಾಗಿದ್ದವು. ನಡುವೆ ಪಾಸ್‌ಪೋರ್ಟು ವಾಪಸ್ ಕೇಳಿದರೆ ಕೊಡುತ್ತಿದ್ದರು. ಆದರೆ ನನ್ನ ಅರ್ಜಿ ಬಿದ್ದುಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಬಿಟ್ಟು ಹೋದವಳಿಗೆ ಮತ್ತೆ ಒಳಗೆ ಬರಲು ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆ ಬೇರೆ.

ನನ್ನವರು ನನ್ನ ಎದುರು ಕೂತರು. "ಹೋಯ್ಕ್ ಅಂತ ಇದ್ರೆ ಹೇಳ್. ವಾಪಸ್ ಕೇಂಬ. ಮತ್ತೆಂತ ಆತ್ತೋ ಆಯ್ಲಿ."

"ಬೇಡ," ಎಂದೆ.

ಇದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಬೇಡ ಎಂದವಳು ನಾನು. ಅವರು ತಡೆಯಲಿಲ್ಲ, ಸರ್ಕಾರ ತಡೆಯಲಿಲ್ಲ. ಆಮೇಲೆ ಎಷ್ಟೋ ಜನರ ಹತ್ತಿರ, ಪಾಸ್‌ಪೋರ್ಟು ಕೈಯಲ್ಲಿರಲಿಲ್ಲ, ಹೋಗಲಾಗಲಿಲ್ಲ ಎಂದಿದ್ದೇನೆ. ಎಲ್ಲರೂ ಅಯ್ಯೋ ಪಾಪ ಎಂದಿದ್ದಾರೆ. ಅದು ಅರ್ಧ ನಿಜ.

ಮಧ್ಯಾಹ್ನ ನಾನೇ ಫೋನು ಮಾಡಿದೆ. "ಹದ್ಮೂರಕ್ಕಾರೂ ಬತ್ಯಾ?" ಎಂದು ಅಣ್ಣ ಕೇಳಿದ.

"ಪಾಸ್‌ಪೋರ್ಟ್ ಕೈಯಗೆ ಇಲ್ಲ ಅಣ್ಣ."

"ಪಾಸ್‌ಪೋರ್ಟಾ?" ಎಂದ ಅಣ್ಣ. ರಿಸೀವರನ್ನು ಅಮ್ಮನ ಕೈಗೆ ಕೊಟ್ಟ. ಅಮ್ಮನ ಉಸಿರು ಕೇಳುತ್ತಿತ್ತು. ನಾನು ಏನು ಕೇಳಿದೆ ಗೊತ್ತೇ? "ಉಂಡ್ಯಾ ಅಮ್ಮ?" ಎಂದೆ. ಅಪ್ಪಯ್ಯನನ್ನು ಸುಟ್ಟು ಬಂದ ಮನೆಗೆ ಫೋನು ಮಾಡಿ, ಬಾಯಿಗೆ ಬಂದ ಮಾತು ಅದೊಂದೇ. ದನಿಯೂ ನಡುಗಲಿಲ್ಲ. "ಉಂಡೆ," ಎಂದು ಅಮ್ಮ ಫೋನು ಇಟ್ಟಳು.

ಮಂಗಳವಾರ ಮನೆಯಲ್ಲೇ ಇದ್ದೆ. ನನ್ನವರು ರಜೆ ಹಾಕಿದ್ದರು. ಇಬ್ಬರೂ ಏನು ಮಾಡಬೇಕೆಂದು ತಿಳಿಯದೆ ಎರಡು ಸಲ ನೆಲ ಒರೆಸಿದೆವು. ಅಳುವುದಕ್ಕೂ ನಾಲ್ಕು ಜನ ಬೇಕು. ಬರುವವರು, ಹೋಗುವವರು, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು. ಫ್ಲ್ಯಾಟಿನಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಬುಧವಾರ ಕೆಲಸಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ. ಹನ್ನೊಂದಕ್ಕೆ ಕಾಫಿ ಕುಡಿದೆ, ನನ್ನ ಸರದಿ ಇತ್ತು, ಕಪ್ಪು ತೊಳೆದೆ. ಎರಡಕ್ಕೆ ಮೇಲೆ ಹೋಗಿ ಕುರ್ಚಿಯಲ್ಲಿ ಕೂತು ಸೀಮೆಸುಣ್ಣದ ಗೆರೆಯೊಳಗೆ ಪಾದ ಇಟ್ಟೆ. ಗಲ್ಲ ಎಡಕ್ಕೆ. ಹತ್ತು ನಿಮಿಷವಾಗಿರಬೇಕು. ಇದ್ದಿಲಿನ ಸದ್ದುಗಳು ಒಂದೊಂದಾಗಿ ನಿಲ್ಲತೊಡಗಿದವು. ನನಗೆ ಕಾರಣ ತಿಳಿಯಲಿಲ್ಲ. ಗಲ್ಲದಿಂದ ಏನೋ ಕೈಯ ಮೇಲೆ ತೊಟ್ಟಿಕ್ಕಿದಾಗಲೇ ನಾನು ಅಳುತ್ತಿದ್ದೇನೆಂದು ಗೊತ್ತಾದದ್ದು. ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಕದಲಿದಂತಾಗುತ್ತದಲ್ಲ.

ಮಾರಿಟ್ ಹತ್ತಿರ ಬಂದರು. "ನಿಲ್ಲಿಸೋಣ."

"ಬೇಡ. ಕೂರುತ್ತೇನೆ."

"ಏನಾಯಿತು?"

"ನನ್ನ ತಂದೆ," ಎಂದೆ. "ಸೋಮವಾರ."

ಅವರು ನನ್ನನ್ನು ತಬ್ಬಿಕೊಳ್ಳಲಿಲ್ಲ, ಸಾರಿ ಎನ್ನಲಿಲ್ಲ. ಒಂದು ಕುರ್ಚಿ ತಂದು ನನ್ನ ಎದುರು ಹಾಕಿದರು. ತರಗತಿಯ ಕಡೆಗೆ ತಿರುಗಿ, "ಇವಳ ತಂದೆ ತೀರಿಕೊಂಡಿದ್ದಾರೆ. ಇವಳು ಕೂರುತ್ತಾಳಂತೆ. ನಾವೂ ಕೂರೋಣ," ಎಂದರು.

ಮೊದಲು ಎದ್ದವರು ಎಲಿಯಾ. ಹಲಗೆಯನ್ನು ಗೋಡೆಗೆ ಒರಗಿಸಿ, ತಮ್ಮ ಸ್ಟೂಲನ್ನು ತಂದು ನನ್ನ ಪಕ್ಕದಲ್ಲಿ ಇಟ್ಟುಕೊಂಡರು. ನನ್ನ ಮುಖ ನೋಡಲಿಲ್ಲ. ನಾನು ನೋಡುತ್ತಿದ್ದ ಕಿಟಕಿಯನ್ನೇ ಅವರೂ ನೋಡುತ್ತ ಕೂತರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕೆಲವರು ನೆಲದ ಮೇಲೆ. ಹೀಟರ್ ಇಲ್ಲದ ಕೋಣೆ, ಒಬ್ಬಾಕೆ ತನ್ನ ಕೋಟು ತಂದು ನನ್ನ ಕಾಲಿನ ಮೇಲೆ ಹೊದೆಸಿದಳು. ಕೆಳಗೆ ಗಾಯನ ತಂಡ ಹಾಡುತ್ತಿತ್ತು, ಎಂದಿನಂತೆ ಅದೇ ಜಾಗದಲ್ಲಿ ತಪ್ಪುತ್ತಿತ್ತು. ಬಹಳ ಹೊತ್ತಿನ ಮೇಲೆ ಎಲಿಯಾ, "ನಮ್ಮೂರಲ್ಲಿ ಹೀಗೇ. ಹೋಗುತ್ತೇವೆ, ಕೂರುತ್ತೇವೆ," ಎಂದರು.

"ನಮ್ಮೂರಲ್ಲೂ," ಎಂದೆ.

"ಅವರ ಹೆಸರೇನು?"

"ಮಂಜುನಾಥಯ್ಯ."

ಆ ಹೆಸರನ್ನು ಲಂಡನ್ನಿನಲ್ಲಿ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಎಲಿಯಾ ಅದನ್ನು ಮೆಲ್ಲಗೆ ತಮ್ಮಷ್ಟಕ್ಕೆ ಹೇಳಿಕೊಂಡರು. ಶುಕ್ರವಾರದ ಪ್ರಾರ್ಥನೆಯಲ್ಲಿ ತೀರಿಕೊಂಡವರ ಹೆಸರು ಓದುವ ಪದ್ಧತಿ ಇದೆ, ಇದನ್ನೂ ಓದಬಹುದೇ ಎಂದು ಕೇಳಿದರು. ನನಗೆ ಗಾಬರಿಯಾಯಿತು. ದಿನಾ ಸ್ನಾನ ಮಾಡಿ ಜಪ ಮಾಡುತ್ತಿದ್ದ ಅಪ್ಪಯ್ಯನ ಹೆಸರನ್ನು ಇಲ್ಲಿ ಓದಿದರೆ ಅಣ್ಣ ಏನಂದಾನು! ಸಂಜೆ ನನ್ನವರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಹೆಸ್ರ್ ಹೇಳುಕೆ ಎಂತ ಅಡ್ಡಿ? ನಾನೂ ಬತ್ತೆ," ಎಂದರು. ಶುಕ್ರವಾರ ಬೆಳಿಗ್ಗೆ ಎಲಿಯಾ ಆಫೀಸಿನ ಕಿಟಕಿಗೆ ಮೂರು ಸಲ ಬಂದು ಉಚ್ಚಾರಣೆ ಒಪ್ಪಿಸಿಹೋದರು. ಮಧ್ಯಾಹ್ನ ಆ ಬರಿಯ ಮೇಜಿನ ಮುಂದೆ ನಿಂತು, ಹಾನ್ಸ್ ಮತ್ತು ಮಾರ್ಗರೆಟ್ ಎಂಬ ಯಾರದೋ ಹೆಸರುಗಳ ನಡುವೆ, ಒಂದಕ್ಷರವೂ ತಪ್ಪದಂತೆ ಓದಿದರು. ಹಿಂದಿನ ಸಾಲಿನಲ್ಲಿ ನನ್ನವರು ಕಾರ್ಖಾನೆಯ ಕೋಟಿನಲ್ಲೇ ಕೈಮುಗಿದು ನಿಂತಿದ್ದರು.

ಆ ಬುಧವಾರ ಕಿಟಕಿಯನ್ನೇ ನೋಡುತ್ತಿದ್ದ ನನಗೆ ಒಂದು ಸಂಗತಿ ತಿಳಿದಿರಲಿಲ್ಲ. ಎಲ್ಲರೂ ಕೂತಿದ್ದಾಗ ಮಾರಿಟ್ ಎಲಿಯಾ ಬಿಟ್ಟುಬಂದ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆದಿದ್ದರು. ತರಗತಿಯಲ್ಲಿ ಅವರು ಎಂದೂ ಬರೆದವರಲ್ಲ. ಪ್ರತಿ ಟರ್ಮಿನ ಕೊನೆಗೆ ಕಾರಿಡಾರಿನಲ್ಲಿ ಚಿತ್ರ ಪ್ರದರ್ಶನವಿರುತ್ತಿತ್ತು. ಅದರ ಹಿಂದಿನ ದಿನ ನನ್ನನ್ನು ಮೇಲೆ ಕರೆದು ಹಾಳೆಯನ್ನು ತೋರಿಸಿದರು. "ಕೇಳದೆ ಬರೆದೆ. ತಪ್ಪು ನನ್ನದು. ಗೋಡೆಗೆ ಬೇಡವೆಂದರೆ ಮನೆಗೆ ತೆಗೆದುಕೊಂಡು ಹೋಗು."

ನಾನು ಮೊದಲು ಮುಖ ನೋಡಿದೆ. ಮುಖದಲ್ಲಿ ಕಣ್ಣೀರು ಇರಲಿಲ್ಲ. ನಾಲ್ಕೇ ಗೆರೆ, ಅಷ್ಟೇ. ಆದರೆ ಕೈ ಇತ್ತು. ಬಲಗೈ ಎಡಗೈಯ ಮಣಿಕಟ್ಟನ್ನು ಹಿಚುಕುವಂತೆ ಹಿಡಿದಿತ್ತು, ಬೆರಳ ಗೆಣ್ಣುಗಳು ಎದ್ದು ನಿಂತಿದ್ದವು. "ಕಣ್ಣೀರು ಹರಿದರೂ ಮುಖದಲ್ಲಿ ನೀನು ಏನೂ ಬಿಟ್ಟುಕೊಡಲಿಲ್ಲ," ಎಂದರು ಮಾರಿಟ್. ಮುಂದಿನದು ಎಂದಿನಂತೆ ಅರ್ಧಕ್ಕೇ ನಿಂತಿತು.

ಮನೆಗೆ ತಂದು ಬೀರುವಿನೊಳಗೆ ಇಟ್ಟೆ. ನನ್ನವರು ನನಗೆ ಹೇಳದೆ ಅದನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಫೋಟೋ ಹಿಡಿದು ಕುಂದಾಪುರಕ್ಕೆ ಕಳಿಸಿದ್ದರು. ಅಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು, ಅಣ್ಣ ಒಮ್ಮೆಯೂ ನನ್ನೊಡನೆ ಮಾತಾಡಿರಲಿಲ್ಲ. ಅಮ್ಮ ಅವನ ಮನೆಯಲ್ಲೇ ಇದ್ದಳು. ನಾನು ಫೋನು ಮಾಡಿದರೆ ಅತ್ತಿಗೆ ಎತ್ತಿ, ಅವರು ಅಂಗಡಿಗೆ ಹೋಗಿದ್ದಾರೆ, ಅತ್ತೆ ಮಲಗಿದ್ದಾರೆ ಎನ್ನುತ್ತಿದ್ದಳು.

ಒಂದು ಭಾನುವಾರ ಅವರೇ ಫೋನು ಮಾಡಿದರು. ಮನೆಯ ಫೋನಿನಿಂದ ಹೊರದೇಶಕ್ಕೆ ಮಾಡಲಾಗುತ್ತಿರಲಿಲ್ಲ, ಅಣ್ಣ ಅಮ್ಮನನ್ನು ಪೇಟೆಯ ಎಸ್‌ಟಿಡಿ ಬೂತಿಗೆ ಕರೆದುಕೊಂಡು ಬಂದಿದ್ದ.

"ಪಟ ಬಂತ್," ಎಂದಳು ಅಮ್ಮ.

"ಯಾವ ಪಟ?"

"ನೀನ್ ಕುರ್ಚಿ ಮೇಲ್ ಕೂಕಂಡದ್ದ್. ಅದ್ ಯಾವಾಗಿಂದ್?"

ನಾನು ನನ್ನವರ ಕಡೆ ನೋಡಿದೆ. ಅವರು ಎದ್ದು ಅಡುಗೆಮನೆಗೆ ಹೋದರು. "ಅಪ್ಪಯ್ಯ ಹೋದ ವಾರದ್ದ್ ಅಮ್ಮ. ಬುಧವಾರ."

ಬುಧವಾರದ್ದಂತೆ ಎಂದು ಅಮ್ಮ ಅಣ್ಣನಿಗೆ ಹೇಳಿದ್ದು ಕೇಳಿಸಿತು. "ಅವತ್ತ್ ಫೋನಗೆ ನೀನ್ ಉಂಡ್ಯಾ ಕೇಂಡೆ. ಇವ್ಳಿಗೆ ಎಂತದೂ ಆಯ್ಲಿಲ್ಲ ಅಂದ್ಕಂಡೆ ನಾನ್. ದೂರ ಹೋದವಳ್ ದೂರವೇ ಆಯ್ದ್ಲ್ ಅಂತ. ನಿನ್ನಣ್ಣನಿಗೂ ಹೇಳ್ದೆ. ಆ ಕೈ ಕಂಡ್ ಗೊತ್ತಾಯ್ತ್. ಗುರ್ತ್ ಬಿದ್ದಿತ್ತಾ?"

ನಾನು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಮ್ಮ ಕಡೆ ಅಳುವುದಕ್ಕೆ ಮರ್ಕುವುದು ಎನ್ನುತ್ತಾರೆ. ಅಮ್ಮ ಹೇಳಿದಳು: "ಮರ್ಕ್ ಮಗಾ. ನಾನ್ ಫೋನ್ ಇಡುದಿಲ್ಲ."

ಅವಳು ಇಡಲಿಲ್ಲ. ಬೂತಿನ ಮೀಟರ್ ಓಡುತ್ತಲೇ ಇತ್ತಂತೆ. ಹೊರಗೆ ಮೂರು ಜನ ಕಾಯುತ್ತಿದ್ದರಂತೆ. ಅಣ್ಣ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಯಾರನ್ನೂ ಒಳಗೆ ಬಿಡಲಿಲ್ಲವಂತೆ. ಕೊನೆಗೆ ಅವನೇ ಫೋನು ತೆಗೆದುಕೊಂಡ. ಚಿಕ್ಕಂದಿನಲ್ಲಿ ನಮ್ಮ ಮಾತಿನಲ್ಲಿ ಹುಡುಗಿ ಎಂದು ಕರೆಯುತ್ತಿದ್ದಂತೆಯೇ ಕರೆದ. "ಹೆಣೆ, ಬಪ್ಪು ವರ್ಷ ತಿಥಿಗೆ ಬಾ. ಪಾಸ್‌ಪೋರ್ಟ್ ಬಂದ್ರೆ," ಎಂದ. ಪಾಸ್‌ಪೋರ್ಟ್ ಎನ್ನುವಾಗ ಈ ಸಲ ಅವನ ದನಿಯಲ್ಲಿ ಪ್ರಶ್ನೆ ಇರಲಿಲ್ಲ.

ಪಾಸ್‌ಪೋರ್ಟು ಬಂತು. ತಿಥಿಗೆ ಹೋದೆ. ಬೇಡ ಎಂದದ್ದು ನಾನೇ ಎಂದು ಆಗ ಅಣ್ಣನಿಗೆ ಹೇಳಿದೆ. ಅವನು, "ನಂಗೆ ಗೊತ್ತಿತ್ತ್," ಎಂದು ಬಾಳೆಲೆ ಹಾಸಲು ಎದ್ದು ಹೋದ. ಅಮ್ಮ ಆಮೇಲೆ ಆರು ವರ್ಷ ಇದ್ದಳು.

ಅಪ್ಪಯ್ಯನ ವಾರದ ಮುಂದಿನ ಬುಧವಾರ ಮಾರಿಟ್ ನನಗೇನು ಹೇಳಿದರೆಂದು ಕೇಳುತ್ತೀರಾ? "ಗಲ್ಲ ಎಡಕ್ಕೆ," ಎಂದರು. ಅದರ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ. ಎರಡು ವರ್ಷದ ಮೇಲೆ ನಿವೃತ್ತರಾಗಿ ತಮ್ಮ ಊರಿಗೆ ಹೋದರು. ಎಲಿಯಾ ತಮ್ಮ ಹಳ್ಳಿಗಳಿಗೆ ಹಿಂದಿರುಗಿದರು. ಚಿತ್ರಕಲೆಯಲ್ಲಿ ಹೇಗೋ ಪಾಸಾಗಿದ್ದರು, ಮಾರಿಟ್ ಕಣ್ಣುಮುಚ್ಚಿ ಪಾಸು ಮಾಡಿದರೆಂದು ಕಾಫಿ ಬೆಂಚಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹೊಸ ಶತಮಾನ ಬಂದ ಕೆಲವು ವರ್ಷಕ್ಕೆ ವಿದ್ಯಾರ್ಥಿಗಳು ತೀರ ಕಡಿಮೆಯಾಗಿ ಆ ಸಂಸ್ಥೆ ಮುಚ್ಚಿತು. ಕೊನೆಯ ದಿನ ಸಾಮಾನುಗಳನ್ನೆಲ್ಲ ಹುಲ್ಲಿನ ಮೇಲೆ ಇಟ್ಟು, ಬೇಕಾದವರು ಬೇಕಾದ್ದನ್ನು ಒಯ್ಯಿರಿ ಎಂದರು. ಹೀಬ್ರೂ ಪ್ರೊಫೆಸರು ಕಪ್ಪುಗಳ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದು, ಒಂದನ್ನೂ ಒಯ್ಯದೆ ಹೋದರು. ಈಗ ಅಲ್ಲಿ ಫ್ಲ್ಯಾಟುಗಳಿವೆ. ನಾನು ಕೌನ್ಸಿಲ್ ಆಫೀಸಿಗೆ, ಎಂದರೆ ಇಲ್ಲಿನ ಪುರಸಭೆಗೆ, ಬಂದೆ, ಪಾರ್ಕಿಂಗ್ ಪರ್ಮಿಟ್ ವಿಭಾಗ. ಅಲ್ಲಿ ಎಲ್ಲರೂ ತಮ್ಮ ತಮ್ಮ ಮೇಜಿನಲ್ಲೇ ಕಾಫಿ ಕುಡಿಯುತ್ತಾರೆ.

ಇಷ್ಟನ್ನು ಬರೆದು, ಕೊನೆ ಹೇಗೆಂದು ತೋಚದೆ ಕಾಗದಗಳನ್ನು ಡ್ರಾಯರಿನಲ್ಲಿ ಇಟ್ಟಿದ್ದೆ. ಹೋದ ಗುರುವಾರ ನಮ್ಮ ವಿಭಾಗದ ದನೂತಾ ಎಂದಿನ ಹೊತ್ತಿಗೆ ಕೆಲಸಕ್ಕೆ ಬಂದಳು. ಪೋಲೆಂಡಿನ ಹುಡುಗಿ, ಬಂದು ವರ್ಷವಾಗಿಲ್ಲ. ಕಂಪ್ಯೂಟರ್ ಹಾಕಿದಳು, ಎರಡು ಅರ್ಜಿ ಮುಗಿಸಿದಳು, ಗ್ರಾಹಕರೊಬ್ಬರಿಗೆ ನಗುಮುಖದಿಂದಲೇ ಉತ್ತರಿಸಿದಳು. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ, ಬಿಸಿಲು ಬಂದಿದೆ ಎನ್ನುವ ದನಿಯಲ್ಲಿ, "ನಿನ್ನೆ ನನ್ನ ಅಮ್ಮ ತೀರಿಕೊಂಡಳು," ಎಂದಳು. ಅಕ್ಕಪಕ್ಕದವರು ಸಾರಿ ಎಂದರು, ಒಬ್ಬರು ಟೀ ತರಲು ಹೋದರು. ಮ್ಯಾನೇಜರು ಪಾಪ, ಮನೆಗೆ ಹೋಗು ಎಂದರು. "ಮನೆಗೆ ಹೋಗಿ ಏನು ಮಾಡಲಿ?" ಎಂದಳು.

ಹಿಂದೆಲ್ಲ ಇಂಥ ಹೊತ್ತಿನಲ್ಲಿ ನಾನೂ ಸಾರಿ ಎಂದು, ತಲೆ ತಗ್ಗಿಸಿ, ನನ್ನ ಫೈಲಿಗೆ ಹಿಂದಿರುಗಿದವಳೇ. ಆ ದಿನ ನನ್ನ ಚಕ್ರದ ಕುರ್ಚಿಯನ್ನು ಉರುಳಿಸಿಕೊಂಡು ಹೋಗಿ ಅವಳ ಪಕ್ಕದಲ್ಲಿ ನಿಲ್ಲಿಸಿ ಕೂತೆ. ಅವಳ ಪರದೆಯನ್ನೇ ನಾನೂ ನೋಡಿದೆ. ಅಲ್ಲಿ ಯಾರದೋ ಕಾರಿನ ನಂಬರಿತ್ತು. ನನ್ನ ಮೇಜಿನ ಫೋನು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಮ್ಯಾನೇಜರು ನನ್ನತ್ತ ನೋಡಿದರು, ಆಮೇಲೆ ತಾವೇ ಹೋಗಿ ಎತ್ತಿದರು. ಎಷ್ಟು ಹೊತ್ತಾಯಿತೋ. ದನೂತಾ ಮೌಸಿನಿಂದ ಕೈ ತೆಗೆದಳು.

"ಅವಳು ಬಸ್ ಓಡಿಸುತ್ತಿದ್ದಳು, ಗೊತ್ತಾ," ಎಂದಳು. "ನಮ್ಮೂರಲ್ಲಿ ಬಸ್ ಓಡಿಸಿದ ಮೊದಲ ಹೆಂಗಸು ನನ್ನಮ್ಮ."